ಖಾಲಿ ಉಳಿದ ಚೀಟಿ

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಭಾನುವಾರ ನಡೆದದ್ದು. ನಾನು ಇಳಕಲ್ಲಿನಲ್ಲಿ ಸೀರೆ ನೇಯುವವನು. ಏಳನೇ ತರಗತಿಗೆ ಸಾಲೆ ಬಿಟ್ಟು ಮಗ್ಗಕ್ಕೆ ಕೂತವನು ಇಂದಿಗೂ ಯಾರ ಮುಂದೆಯೂ ಕೈಚಾಚಿಲ್ಲ. ಓದುವ ಚಟ ಮಾತ್ರ ಬಿಡಲಿಲ್ಲ. ಓದಿದ್ದನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಮನೆಯಲ್ಲಿ ಕಾದಂಬರಿಯ ಮಾತು ತೆಗೆದರೆ ಹೆಂಡತಿ, "ರೊಟ್ಟಿ ಆರತಾವ, ಉಣ್ಣಬರ್ರಿ" ಎನ್ನುತ್ತಾಳೆ.

ಆ ದಿನ ನಾನು ಓದಲು ಹೋಗುವ ವಾಚನಾಲಯಕ್ಕೆ ಬಾಗಲಕೋಟೆಯ ಕಾಲೇಜು ಹುಡುಗ ಹುಡುಗಿಯರು ಬಂದಿದ್ದರು. ಹರೆಯದವರ ಕಥೆ ಇರುವ ಹಳೆಯ ಕಾದಂಬರಿಗಳನ್ನು ಮೇಜಿನ ಮೇಲಿಟ್ಟು, ನಾಯಕ ಈಗ ಇದ್ದಿದ್ದರೆ ಯಾವ ಗುಂಪಿನವನಾಗುತ್ತಿದ್ದ ಎಂದು ಚೀಟಿ ಹಚ್ಚುತ್ತಿದ್ದರು. ಪಂಕ್, ಹಿಪ್ಪಿ, ಗಾಥ್, ಹೀಗೆ ಹೊರದೇಶದ ಹರೆಯದವರ ಗುಂಪುಗಳ ಹೆಸರು. ನಾನು ಎಷ್ಟೋ ಸಲ ಓದಿದ ಪುಸ್ತಕವೂ ಅಲ್ಲಿತ್ತು. ಸಾಲೆ ಬಿಟ್ಟು ದುಡಿಯಲು ಹೋಗುವ ಹುಡುಗನ ಕಥೆ. ಅದರ ಮೇಲೆ 'ಇಮೋ' ಎಂದು ಬರೆದಿತ್ತು.

ನನಗೆ ಗೊತ್ತಿದ್ದ ಇಮೋ ಎಂದರೆ ದುಬೈಯಿಂದ ಭಾವಮೈದುನ ಫೋನ್ ಮಾಡುವ ಆ್ಯಪ್. ತಡೆಯಲಾರದೆ ಕೇಳಿಬಿಟ್ಟೆ: "ಇಂವನ ಕಾಲಕ್ಕ ಮೊಬೈಲ ಎಲ್ಲಿತ್ತಪಾ? ಇಮೋದಾಗ ಯಾರಿಗೆ ಫೋನ್ ಹಚ್ಚತಿದ್ದ?"

ಎಲ್ಲರೂ ಗೊಳ್ಳೆಂದು ನಕ್ಕರು. "ಕಾಕಾಗ ವಿಡಿಯೊ ಕಾಲ್ ಹಚ್ಚಿಕೊಡ್ರಿಲೇ" ಎಂದ ಒಬ್ಬ.

ಕಮತಗಿಯವಳೆಂದು ಹೇಳಿಕೊಂಡಿದ್ದ ಒಬ್ಬ ಹುಡುಗಿ ಮಾತ್ರ ಅವರನ್ನು ಗದರಿಸಿದಳು. "ಹಂಗಲ್ರಿ ಕಾಕಾ. ಇಮೋ ಅಂದ್ರ ಒಂದ್ ನಮೂನಿ ಹುಡುಗ್ರು. ಕರಿ ಅಂಗಿ ಹಾಕ್ಕೊಂಡು, ಕೂದಲ ಕಣ್ಣಮ್ಯಾಗ ಬಿಟ್ಕೊಂಡು, ತಮ್ಮ ದುಃಖದಾಗ ತಾವ ಇರ್ತಾರ. ಇಂವಾನೂ ಹೊಳಿದಂಡಿಗೆ ಒಬ್ಬಾಂವ ಕುಂದ್ರತಾನಲ್ರಿ?"

"ಕುಂದ್ರತಾನ, ಖರೆ. ದುಃಖಕ್ಕಲ್ಲ. ಸಾಲಿ ಬಿಟ್ಟಾನಂತ ಹುಡುಗ್ರು ಆಟಕ್ಕ ಕರಿಯೂದಿಲ್ಲ. ಸಣ್ಣಾಂವ ಅಂತ ದುಡಿಯೋ ಗಂಡಸರು ಮಾತಿಗೆ ಕರಿಯೂದಿಲ್ಲ. ಎಲ್ಲಿ ಹೋಗಬೇಕಂವ?"

ನಗು ನಿಂತಿತು. ಹುಡುಗಿ ಒಂದು ಖಾಲಿ ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದಳು. "ಹಂಗಾದ್ರ ನೀವ ಬರೀರಿ. ಇವಗ ಏನ ಅಂತೀರಿ?"

ಮೂವತ್ತು ವರ್ಷದ ಓದಿನಲ್ಲಿ ಒಂದು ಪುಸ್ತಕದ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನಗೆ ಶಬ್ದ ಹೊಳೆಯಲಿಲ್ಲ. ಮತ್ತೆ ನಕ್ಕಾರೆಂಬ ಅಳುಕು ಬೇರೆ. ಚೀಟಿಯನ್ನು ಜೇಬಿಗೆ ಹಾಕಿ, "ನನಗ ಕೆಲಸ ಐತವಾ" ಎಂದು ಹೊರಬಿದ್ದೆ.

ಮರುದಿನ ಮಗ್ಗದಲ್ಲಿ ಕೊಂಡಿ ಹಾಕುತ್ತಿದ್ದೆ. ನಮ್ಮ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದೇ ಎಳೆಯನ್ನು ಒಂದರೊಳಗೊಂದು ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಆ ಜಾಗ ಒಡಲೂ ಅಲ್ಲ, ಸೆರಗೂ ಅಲ್ಲ. ಕೈ ಅಲ್ಲೇ ನಿಂತಿತು. ಕಥೆಯ ಆ ಹುಡುಗ ಇದ್ದದ್ದು ಅಲ್ಲಿಯೇ, ಹುಡುಗರಿಗೂ ಗಂಡಸರಿಗೂ ನಡುವೆ.

ಕೂಡಲೇ ಎದ್ದು ವಾಚನಾಲಯಕ್ಕೆ ಓಡಿದೆ. ಮೇಜು ಖಾಲಿ. "ಅವರದು ಒಂದ ದಿನದ ಕಾರ್ಯಕ್ರಮಾ ಇತ್ತು" ಎಂದರು ಅಲ್ಲಿಯವರು. ಹುಡುಗಿಯ ಹೆಸರನ್ನೂ ನಾನು ಕೇಳಿರಲಿಲ್ಲ.

ನಕ್ಕವರ ಮುಖ ಈಗ ನೆನಪಿಲ್ಲ. ಪೆನ್ನು ಹಿಡಿದ ಆ ಕೈ ನೆನಪಿದೆ. ಕಮತಗಿಯಲ್ಲೂ ಮಗ್ಗಗಳಿವೆ, ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತು. ಚೀಟಿ ಇನ್ನೂ ನನ್ನ ಹತ್ತಿರವೇ ಇದೆ, ಏನೂ ಬರೆದಿಲ್ಲ. ಅದರಲ್ಲಿ ಬರೆಯಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಂಗೀ, ಅವನು ಕೊಂಡಿ.