ಏರಿನಲ್ಲಿ ಕುಮಾರನೇ ಫಸ್ಟು

ನೋಡ್ರಪ್ಪ, ಕಿರುಗಾವಲಿನ ಆಚೆಯ ಏರಿನಲ್ಲಿ ನಮ್ಮ ಸೈಕಲ್ ಗುಂಪಿಗೆಲ್ಲ ಕುಮಾರನೇ ಫಸ್ಟು, ನಾನು ಸೆಕೆಂಡು ಎಂದು ಆ್ಯಪ್ ದಿನಾ ತೋರಿಸುತ್ತದೆ. ಹೊಟ್ಟೆ ಉರಿದು, ಎದೆಬಡಿತ ಎಣಿಸುವ ವಾಚನ್ನೂ ಕೊಂಡೆ. ಇವತ್ತು ಬೆಳಿಗ್ಗೆ ಏರಿನ ಬುಡದಲ್ಲೇ ಕುಮಾರ ಸಿಕ್ಕಿದ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ, ಲೋಡಿನ ಹಗ್ಗ ಹಿಡಿದು, ಪೆಡಲ್ ತುಳಿಯದೆ ಹೋಗುತ್ತಿದ್ದ.

“ಥೂ, ಇದೇನ್ಲಾ?” ಎಂದೆ.

“ಆ ಕಡೆ ಇನ್ನೊಂದು ಅಗ್ಗ ಅದೆ, ಇಡ್ಕೊಳ್ಲಾ,” ಎಂದ.

ಹಿಡಿದುಕೊಂಡೆ. ಅರ್ಧ ಏರಿದಾಗ ಎದುರಿಗೆ ನನ್ನ ಮಾವನವರ ಬೈಕು ಬಂತು. ನಾಚಿಕೆಯಾಗಿ ಬಿಟ್ಟೆ. ಕುಮಾರ ಬಿಡಲಿಲ್ಲ.

ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಆ್ಯಪ್ ತೆರೆದರೆ ಇವತ್ತೂ ಅವನೇ ಫಸ್ಟು. ವಾಚಿನ ಪ್ರಕಾರ ಇವತ್ತು ನನ್ನ ಎದೆ ಅತಿ ಜೋರಾಗಿ ಹೊಡೆದುಕೊಂಡಿದ್ದು ಏರಿನಲ್ಲಲ್ಲ, ಆ ಬೆಂಚಿನ ಮೇಲೆ.