ತಿಪ್ಪೆಗೆ ಬೀಳದ ಬ್ಯಾಟರಿ

ಬಚ್ಚಲಿನ ಹಂಡೆ ಒಲೆಯ ಕಡೆಯಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಓಡಿ ಹೋಗಿ ನೋಡಿದರೆ, ಒಲೆಯ ಕಟ್ಟೆಯ ಮೇಲೆ ಟಾರ್ಚಿನ ಸೆಲ್ಲುಗಳ ಪಕ್ಕದಲ್ಲಿ ನಮ್ಮ ಯಜಮಾನರ ಹೊಸ ಮೊಬೈಲ್ ಫೋನಿನ ಬ್ಯಾಟರಿ ಪೂರಿಯಂತೆ ಉಬ್ಬಿ ಹೊಗೆಯಾಡುತ್ತಿತ್ತು. ಮಂಕಾದ ಸೆಲ್ಲನ್ನು ಬೆಚ್ಚಗಿಟ್ಟರೆ ಟಾರ್ಚು ಇನ್ನೆರಡು ದಿನ ಉರಿಯುತ್ತದೆ ಎಂಬುದು ನಮ್ಮ ಬೂದಿಗೆರೆ ಕಡೆಯ ಹಳೆಯ ಅಭ್ಯಾಸ. ಚಾರ್ಜು ನಿಲ್ಲುತ್ತಿಲ್ಲವೆಂದು ಅವರು ಇದನ್ನೂ ಹಾಗೇ ಇಟ್ಟಿದ್ದರು.

ಗಾಬರಿಯಲ್ಲಿ ನಾನು ನೀರಿನ ಚೊಂಬು ಎತ್ತಿದೆ. ನೀರು ಬಿದ್ದರೆ ಸಿಡಿದೀತೆಂದು ಅತ್ತೆ ನನ್ನ ಕೈ ಹಿಡಿದು ತಡೆದರು. ಇಕ್ಕಳದಲ್ಲಿ ಬ್ಯಾಟರಿ ಹಿಡಿದು ಅಂಗಳಕ್ಕೆ ಒಯ್ದು, ಮರಳಿನ ಗುಡ್ಡೆಯೊಳಗೆ ಹೂತರು.

ಸಂಜೆ ಯಜಮಾನರು ತಣ್ಣಗಾದ ಅದನ್ನು ತೆಗೆದು ತಿಪ್ಪೆಗೆ ಎಸೆಯಲು ಹೊರಟಾಗ ಅತ್ತೆ ಅಡ್ಡ ನಿಂತರು.

“ತಿಪ್ಪೆ ಗೊಬ್ಬರ ಹೋಗೋದು ನಮ್ ರಾಗಿ ಹೊಲಕ್ಕೇ ಕಣೋ. ಒಲೆ ಮೇಲೇ ಇಷ್ಟು ವಿಷ ಕಾರಿದ್ದನ್ನ ನಾಳೆ ಮುದ್ದೇಲಿ ತಿಂತೀಯಾ? ಮಾರಿದೋನಿಗೇ ವಾಪಸ್ ಕೊಟ್ಬಾ.”

ಮಾರನೆಯ ದಿನ ಯಜಮಾನರು ಅದನ್ನು ಹೊಸಕೋಟೆಯ ಅಂಗಡಿಗೆ ಒಯ್ದರು. “ಕೆಟ್ಟಿದ್ದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಸಾರ್?” ಎಂದು ಅಂಗಡಿಯವನು ಕೈ ಅಲ್ಲಾಡಿಸಿ ಕಳಿಸಿದನಂತೆ. ಅತ್ತೆ ಬೇಸರಪಡಲಿಲ್ಲ. ಬಾಯಿ ಸೀಳು ಬಿಟ್ಟ ಉಪ್ಪಿನಕಾಯಿ ಜಾಡಿಯೊಂದಕ್ಕೆ ಮರಳು ತುಂಬಿ, ಬ್ಯಾಟರಿಯನ್ನು ಅದರಲ್ಲಿಟ್ಟು, ಹಿತ್ತಲ ಗೋಡೆಯ ಮೇಲೆ ಮಕ್ಕಳ ಕೈಗೆ ಎಟುಕದಂತೆ ಇರಿಸಿದರು.

ಇಂಥ ಕೆಟ್ಟ ಬ್ಯಾಟರಿ ತೆಗೆದುಕೊಳ್ಳುವವರು ಎಂದಾದರೂ ಬಂದೇ ಬರುತ್ತಾರೆ ಎಂದು ಅತ್ತೆ ನಂಬಿದ್ದಾರೆ. ಅಲ್ಲಿಯವರೆಗೆ ಮನೆಯ ಸತ್ತ ಸೆಲ್ಲುಗಳೆಲ್ಲ ಆ ಜಾಡಿಗೇ ಸೇರುತ್ತಿವೆ. ನಮ್ಮ ತಿಪ್ಪೆಯಲ್ಲಿ ಈಗ ಬರೀ ಗೊಬ್ಬರ.