ಅತ್ತೆ ಕಾಯ್ದ ಮುಲಾಮು

ಬೇಸಿಗೆ ಬಂತೆಂದು ಮೊನ್ನೆ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಹೊಸ ಮಣ್ಣಿನ ಹರವಿ ತಂದಿಟ್ಟರು. ಮೊದಲ ನೀರು ತುಂಬಿದಾಗ ಏಳುವ ವಾಸನೆ ನಿಮಗೂ ಗೊತ್ತಲ್ಲ. ಎಲ್ಲರೂ ಮೂಗರಳಿಸಿ ಖುಷಿಪಟ್ಟರು. ನಾನೊಬ್ಬ ಒಳಗೆ ಹೋಗಿ ಕಿಟಕಿ ಹತ್ತಿರ ನಿಂತೆ. ಹಸಿ ಮಣ್ಣಿನ ವಾಸನೆ ಬಂದರೆ ನನಗೆ ಹಿರೇವಡ್ಡಟ್ಟಿಯ ಅತ್ತೆಯ ಹಣೆ ನೆನಪಾಗುತ್ತದೆ.

ನನ್ನ ಉದ್ಯೋಗ ಕೇಳಿದರೆ ನೀವು ನಗಬಹುದು. ಗದಗಿನಲ್ಲಿ ಕೂತು ಎಷ್ಟೋ ವರ್ಷಗಳಿಂದ ಒಂದೇ ಮುಲಾಮು ಕಲಸುತ್ತಿದ್ದೇನೆ. ವೈರಸ್ಸಿನಿಂದ ಏಳುವ ಗುಳ್ಳೆಗಳಿಗೆ ಹಚ್ಚುವ ಜೆಲ್ ಅದು. ಒಮ್ಮೆ ಹಚ್ಚಿದರೆ ಇಡೀ ದಿನ ಔಷಧವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಒಂದು ಸಲ ನೀರಾಗಿ ಹರಿಯುತ್ತದೆ, ಇನ್ನೊಂದು ಸಲ ಗಟ್ಟಿಯಾಗಿ ಔಷಧ ಬಿಡುವುದೇ ಇಲ್ಲ. ತೆಳು ಪೊರೆಯ ಮೇಲೆ ಅದನ್ನು ಬಳಿದು, ಕೆಳಗಿನ ದ್ರವಕ್ಕೆ ಔಷಧ ಎಷ್ಟು ಇಳಿಯಿತೆಂದು ಗಂಟೆಗೊಮ್ಮೆ ಮಾದರಿ ತೆಗೆದು ನೋಡುವುದೇ ನನ್ನ ಸಂಸಾರ. ಅತ್ತೆ, ಅಂದರೆ ಅಪ್ಪನ ಅಕ್ಕ, ಊರಲ್ಲಿ ನನ್ನನ್ನು ಧನ್ವಂತರಿ ಮಾಡಿಟ್ಟಿದ್ದಳು. ಯಾರಿಗೆ ತುರಿಕೆಯಾದರೂ ನಮ್ಮ ಹುಡುಗನ ಮುಲಾಮು ಬರಲಿ, ತಡೆಯಿರಿ ಎನ್ನುತ್ತಿದ್ದಳಂತೆ.

ಅಂಥದೇ ಗುಳ್ಳೆಗಳ ಸರ್ಪಸುತ್ತು ಎದ್ದರೆ ನಮ್ಮ ಕಡೆ ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಗೆರೆ ಬರೆಯುತ್ತಾರೆ. ಸರ್ಪದ ತಲೆ ಬಾಲ ಕೂಡಬಾರದೆಂಬ ನಂಬಿಕೆ. ಅತ್ತೆ ಯಾರದೋ ಬೆನ್ನಿಗೆ ಹಾಗೆ ಬರೆದದ್ದನ್ನು ನಾನು ಒಂದು ಮದುವೆಯ ಪಂಕ್ತಿಯಲ್ಲಿ ಎಲ್ಲರೆದುರು ಗೇಲಿ ಮಾಡಿದ್ದೆ. ಕಲಿತವನ ಸೊಕ್ಕು ನೋಡಿ. ಅತ್ತೆ ತಾನೂ ನಕ್ಕು, ಬಡಿಸುತ್ತ ಮುಂದೆ ಹೋದಳು.

ಅದಾಗಿ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಅವಳ ಫೋನು ಬಂತು. ಮಾದರಿ ತೆಗೆಯುವ ಹೊತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು.

"ನಿನ್ನ ಮುಲಾಮು ತಯಾರಾತೇನಪಾ?"

"ಇನ್ನೂ ಇಲ್ಲತ್ತಿ. ಸ್ವಲ್ಪ ತಡಿ, ಆಗತೈತಿ."

"ಆಗ್ಲಿ, ತಡೀತೀನಿ ತಗೋ."

ಯಾರಿಗೆ ಬೇಕು ಎಂದು ನಾನು ಕೇಳಲಿಲ್ಲ.

ಐದನೇ ದಿನ ಬೇರೇನೋ ಕೆಲಸಕ್ಕೆ ಊರಿಗೆ ಹೋದೆ. ಅತ್ತೆ ಅರ್ಧ ಮುಖಕ್ಕೆ ಸೆರಗೆಳೆದುಕೊಂಡು ಚಹಾ ತಂದಳು. ಕೆಮ್ಮಣ್ಣು ಕಂಡರೆ ನಾನು ನಗುತ್ತೇನೆಂದು ಮುಚ್ಚಿಕೊಂಡಿದ್ದಳು. ಸೆರಗು ಸರಿಸಿದರೆ ಹಣೆಯ ಬಲಕ್ಕೆ, ರೆಪ್ಪೆಯವರೆಗೂ ಗುಳ್ಳೆ. ಸುತ್ತ ಹಸಿ ಕೆಮ್ಮಣ್ಣಿನ ಗೆರೆ. ಕಣ್ಣು ಬಾತು ಮುಚ್ಚಿಹೋಗಿತ್ತು. ಅಲ್ಲಿಗೆ ಬೇಕಾದದ್ದು ನನ್ನ ಮುಲಾಮೇ ಅಲ್ಲ, ಮೊದಲ ಎರಡು ಮೂರು ದಿನದೊಳಗೆ ನುಂಗಲು ಶುರು ಮಾಡಬೇಕಾದ ಗುಳಿಗೆ. ಹತ್ತಿರದ ಮುಂಡರಗಿಗೆ ಹೋಗಿದ್ದರೆ ಡಾಕ್ಟರು ಬರೆದುಕೊಡುತ್ತಿದ್ದರು.

"ಡಾಕ್ಟರ್ ಕಡೆ ಯಾಕ ಹೋಗ್ಲಿಲ್ಲತ್ತಿ?"

"ನೀನ ಮಾಡಾಕ ಹತ್ತೀಯಲ್ಲೋ. ಮಂದೀದು ಯಾಕ ಹಚ್ಚಿಕೊಳ್ಳಲಿ?"

ಆಗಲೇ ಗದಗಿಗೆ ಕರೆತಂದೆ. ಗುಳ್ಳೆಗಳು ಒಣಗಿದವು, ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಹೋದ ವರ್ಷ ತೀರಿಕೊಳ್ಳುವವರೆಗೂ ಅತ್ತೆ ನನಗೊಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಕಿಟಕಿ ಹತ್ತಿರ ನಿಂತಿದ್ದಾಗಲೇ ಶಿರಹಟ್ಟಿಯಿಂದ ಪರಿಚಯದವರೊಬ್ಬರ ಫೋನು ಬಂತು. ಮಾದರಿ ತೆಗೆಯಲು ಎರಡೇ ನಿಮಿಷವಿತ್ತು. ನಿಮ್ಮ ಜೆಲ್ ಎಲ್ಲಿಗೆ ಬಂತು ಎಂದು ಅವರು ಸುಮ್ಮನೆ ಕೇಳಿದಂತೆ ಕೇಳಿದರು. ನಾನು ಗಡಿಯಾರಕ್ಕೆ ಬೆನ್ನು ಹಾಕಿ ಕೂತೆ.

"ಅದಿರಲಿರಿ. ಯಾರಿಗೆ ಬೇಕಾಗೈತಿ? ಎಲ್ಲಿ ಎದ್ದೈತಿ, ಮೊದಲ ಅದನ್ನ ಹೇಳ್ರಿ."

ಹೆಂಡತಿಗೆ ನಿನ್ನೆ ಕಣ್ಣಿನ ಬದಿಗೆ ಎದ್ದಿದೆ ಎಂದರು ಅವರು. ಅವರನ್ನು ಆಸ್ಪತ್ರೆಗೆ ಹೊರಡಿಸಿಯೇ ಫೋನಿಟ್ಟೆ. ಆ ಗಂಟೆಯ ಮಾದರಿ ತಪ್ಪಿ ಅಂದಿನ ಪ್ರಯೋಗ ಕೆಟ್ಟಿತ್ತು. ಬಾಗಿಲಿಗೆ ಬಂದು ಹರವಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡೆ. ಮಣ್ಣಿನ ವಾಸನೆಯ ಆ ನೀರು ಕುಡಿಯುತ್ತ, ನಿಂತಲ್ಲೇ ಅತ್ತುಬಿಟ್ಟೆ.